ಟಿಫಿನ್ ಡಬ್ಬಿಯಲ್ಲಿ ರಾಟರ್‌ಡ್ಯಾಮಿನ ಹೂಳು

ವಿಮಾನ ನಿಲ್ದಾಣ

ಹಾಲೆಂಡಿಗೆ ಹೋಗಿ ಬಂದೆ ಎಂದರೆ ಎಲ್ಲರೂ ಟ್ಯೂಲಿಪ್ ಹೂವನ್ನೇ ಕೇಳುತ್ತಾರೆ. ಬೆಂಗಳೂರಿನ ಬ್ರೂಕ್‌ಫೀಲ್ಡಿನ ನನ್ನ ನೆರೆಮನೆಯಾಕೆ ಫೋಟೊ ಎಲ್ಲಿ ಎಂದು ಮೂರು ಸಲ ಬಂದು ಹೋದರು. ಅಯ್ಯೋ, ಟ್ಯೂಲಿಪ್ ನೋಡಿದ್ದು ಓಡುವ ರೈಲಿನ ಕಿಟಕಿಯಿಂದ, ಅದೂ ಪಕ್ಕದಲ್ಲಿ ಕೂತ ವಾರಗಿತ್ತಿ ನಿದ್ದೆಯಲ್ಲಿ ನನ್ನ ಭುಜಕ್ಕೆ ತಲೆಯಿಟ್ಟಿದ್ದರಿಂದ ಅರ್ಧಂಬರ್ಧ. ನಾನು ಕಣ್ತುಂಬ ನೋಡಿದ್ದು ಕೆಸರನ್ನು. ಹಡಗುಗಳು ಬರುವ ಕಾಲುವೆಯ ತಳದಿಂದ ಹೀರಿ ತೆಗೆದ ಕಪ್ಪು ಕೆಸರು. ಐ ಮಸ್ಟ್ ಸೇ, ಈ ವಯಸ್ಸಿನಲ್ಲಿ ಅಷ್ಟು ದೂರ ಹೋಗಿ ನೋಡುವಂಥದ್ದೇ ಅದು.

ಹೋಗಬೇಕಾಗಿದ್ದವಳು ನಾನಲ್ಲ, ನನ್ನ ಮೈದುನನ ಹೆಂಡತಿ ಮುನಿಲಕ್ಷ್ಮಿ. ವರ್ತೂರು ಕೆರೆಯ ಕೆಳಗೆ ಸೊಪ್ಪು ಬೆಳೆಯುವ ಹೆಂಗಸರ ಸಂಘಕ್ಕೆ ಅವಳು ಅಧ್ಯಕ್ಷೆ. ಹಾಲೆಂಡಿನ ರೈತ ಹೆಂಗಸರ ಸಂಘವೊಂದು ಅವಳನ್ನು ಕರೆಸಿಕೊಂಡಿತು. ಅವಳಿಗೆ ಇಂಗ್ಲಿಷ್ ಬಾರದು. ಕಂಟೋನ್ಮೆಂಟಿನ ಕಾನ್ವೆಂಟಿನಲ್ಲಿ ಓದಿ ಆ ಮನೆಗೆ ಹಿರಿಸೊಸೆಯಾಗಿ ಹೋದ ನಾನು ಇಷ್ಟು ವರ್ಷಗಳ ಮೇಲೆ ಹೀಗೆ ಅವಳ ದುಭಾಷಿಯಾಗಿ ಉಪಯೋಗಕ್ಕೆ ಬಂದೆ.

ಹೊರಡುವ ಮುಂಚೆ ಸಂಘದಲ್ಲಿ ಒಂದು ಮಾತಾಗಿತ್ತು. ಆ ಬೇಸಿಗೆ ಕೆರೆಯ ಒಂದು ಮೂಲೆಗೆ ಅಡ್ಡಕಟ್ಟೆ ಹಾಕಿ, ನೀರು ಹೊರಹಾಕಿ, ಹೂಳು ತೆಗೆಯುವುದೆಂದು ನಿಶ್ಚಯವಾಗಿತ್ತು. ಹೂಳು ಎನ್ನುವುದು ಪುಸ್ತಕದ ಮಾತು. ನಮ್ಮವರಿಗೆ ಅದು ಗೋಡು. ಗೋಡು ಹೊಲಕ್ಕೆ ಬೀಳುವುದೆಂದರೆ ಹೊಲಕ್ಕೆ ಸೀಮಂತವಾದ ಹಾಗೆ. ನಾನು ಹೊಸ ಮದುವಣಗಿತ್ತಿಯಾಗಿದ್ದಾಗ ಪ್ರತಿ ಬೇಸಿಗೆಯೂ ಸಾಲುಗಾಡಿಗಳಲ್ಲಿ ಅದು ಬರುತ್ತಿತ್ತು. ಮೊದಲ ವರ್ಷ ಮೂಗಿಗೆ ಕರ್ಚೀಫು ಹಿಡಿದುಕೊಂಡಿದ್ದೆ. ಆಮೇಲೆ ಆ ತಂಪು ವಾಸನೆಗಾಗಿ ಕಾಯುವವಳಾದೆ. ಈಗ ಕೆರೆಗೆ ಊರಿನ ಚರಂಡಿಯೆಲ್ಲ ಬರುತ್ತದೆ, ಫ್ಯಾಕ್ಟರಿಗಳ ನೀರೂ ಸೇರುತ್ತದೆ ಎನ್ನುತ್ತಾರೆ. ಮಳೆಗಾಲದಲ್ಲಿ ನೊರೆ ಬರುತ್ತದೆ. ಹೀಗಾಗಿ ಕೆಲವು ಹೆಂಗಸರಿಗೆ ಅನುಮಾನ. ಕೊನೆಗೆ ಎಲ್ಲರೂ ಸೇರಿ, “ಮುನಿಲಕ್ಷ್ಮಕ್ಕ ಫಾರಿನ್‌ನಾಗೆ ಗೋಡು ಏನ್ ಮಾಡ್ತಾರೆ ಅಂತ ನೋಡ್ಕಂಡ್ ಬರ್ಲಿ. ಅವ್ಳು ಹಾಕಾನ ಅಂದ್ರೆ ಹಾಕಾನ, ಬ್ಯಾಡ ಅಂದ್ರೆ ಬ್ಯಾಡ” ಎಂದು ತೀರ್ಮಾನಿಸಿದ್ದರು. ಮುನಿಲಕ್ಷ್ಮಿಯ ಮನಸ್ಸಿನಲ್ಲಿ ಅನುಮಾನವೇ ಇರಲಿಲ್ಲ. ಅವಳು ಹೊರಟಿದ್ದು ಹಾಕೋಣ ಎನ್ನುವುದಕ್ಕೆ ಫಾರಿನ್ನಿನ ಸಾಕ್ಷಿ ತರಲು.

ಆಮ್‌ಸ್ಟರ್‌ಡ್ಯಾಮಿನಲ್ಲಿ ಇಳಿದ ಕೂಡಲೇ ಸಿಕ್ಕಿಬಿದ್ದೆವು. ಅವಳ ಚೀಲದಲ್ಲಿ ಮೆಂತ್ಯದ ಪೊಟ್ಟಣ. ಮಂಡಿನೋವಿಗೆಂದು ದಿನಾ ಬೆಳಗ್ಗೆ ನೆನೆಸಿ ತಿನ್ನುತ್ತಾಳೆ. ಕಸ್ಟಮ್ಸಿನ ಎತ್ತರದ ಹುಡುಗಿ ಅದನ್ನು ಮೂಸಿ, ಇದೇನು ಎಂದಳು. ಮೆಡಿಸಿನ್ ಎನ್ನಲೋ ಸ್ಪೈಸ್ ಎನ್ನಲೋ ಎಂದು ನಾನು ತಡವರಿಸುತ್ತಿರುವಾಗ ಮುನಿಲಕ್ಷ್ಮಿ ಒಂದು ಹಿಡಿ ಬಾಯಿಗೆ ಹಾಕಿಕೊಂಡು, ಕಟಕಟ ಅಗಿದು, ಕಹಿಗೆ ಮುಖ ಕಿವುಚಿ, ಆ ಹುಡುಗಿಯ ಕೈಗೂ ನಾಲ್ಕು ಕಾಳು ಹಾಕಿದಳು.

“ತಿನ್ನವ್ವ. ಇಷ್ಟುದ್ದ ಇದ್ದೀಯ, ನಿಂಗೂ ಮಂಡಿ ಇಡ್ಕೊಂತೈತೆ.”

ಅದನ್ನು ಟ್ರಾನ್ಸ್‌ಲೇಟ್ ಮಾಡುವ ಧೈರ್ಯ ನನಗಾಗಲಿಲ್ಲ. ಹುಡುಗಿ ಕಾಳು ತಿನ್ನಲಿಲ್ಲ, ಆದರೆ ನಕ್ಕಳು. ಹೊರಗೆ ಬಂದೆವು.

ಜಾನಮ್ಮನ ಮನೆ

ನಾವು ಉಳಿದುಕೊಂಡದ್ದು ರಾಟರ್‌ಡ್ಯಾಮಿನ ಹೊರವಲಯದ ಹಳ್ಳಿಯಲ್ಲಿ, ಯೊಹಾನಾ ಎಂಬ ವಿಧವೆಯ ಮನೆಯಲ್ಲಿ. ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವರು. ಅಲ್ಲಿನ ಸಂಘದ ಹಳೆಯ ಸದಸ್ಯೆ. ಇಂಗ್ಲಿಷನ್ನು ನಿಧಾನವಾಗಿ, ಒಂದೊಂದು ಶಬ್ದವನ್ನೂ ತೊಳೆದು ಒರೆಸಿ ಇಟ್ಟ ಹಾಗೆ ಆಡುತ್ತಾರೆ. ಮುನಿಲಕ್ಷ್ಮಿ ಮೊದಲ ದಿನವೇ ಅವರಿಗೆ ಜಾನಮ್ಮ ಎಂದು ಹೆಸರಿಟ್ಟಳು. ಅವರೂ ಓಗೊಟ್ಟರು.

ಆ ಊರಿನಲ್ಲಿ ಸಂಜೆ ದೀಪ ಹಚ್ಚಿದ ಮೇಲೂ ಯಾರೂ ಪರದೆ ಎಳೆಯುವುದಿಲ್ಲ. ಬೀದಿಯಲ್ಲಿ ನಡೆದರೆ ಪ್ರತಿ ಮನೆಯ ಊಟವೂ ಕಾಣುತ್ತದೆ, ಜಗಳವೂ ಕಾಣುತ್ತದೆ.

“ಅಕ್ಕಾ, ಇವ್ರು ಪರದೆ ಆಕಲ್ವಾ? ಆ ಯಪ್ಪ ಬನೀನ್‌ನಾಗೆ ಕುಂತವ್ನೆ.”

“ಮುಚ್ಚಿಡೋಕೆ ಏನೂ ಇಲ್ಲ ಅಂತ ತೋರಿಸೋದಂತೆ ಕಣೇ.”

“ಅಂಗಾರೆ ನಮ್ಮೂರ್ನಾಗೆ ಎಲ್ಲರ್ತಾವೂ ಏನೋ ಐತೆ ಬುಡು.”

ಬೆಳಗ್ಗೆ ತಿಂಡಿಗೆ ತಣ್ಣನೆಯ ಬ್ರೆಡ್ಡು, ಅದರ ಮೇಲೆ ಸಣ್ಣ ಸಣ್ಣ ಚಾಕಲೇಟಿನ ಹರಳು. ಮುನಿಲಕ್ಷ್ಮಿ ಅದನ್ನು ನೋಡಿ, “ಇದೇನಕ್ಕಾ, ರೊಟ್ಟಿಗೆ ಯೂರಿಯಾ ಆಕವ್ರೆ” ಎಂದಳು. ಆದರೆ ಎರಡನೇ ದಿನದಿಂದ ಅವಳೇ ಡಬ್ಬಿ ಎಳೆದುಕೊಂಡು ಸುರಿದುಕೊಳ್ಳುತ್ತಿದ್ದಳು. ಮಹಡಿ ಮೆಟ್ಟಿಲು ಮಾತ್ರ ನಮ್ಮಿಬ್ಬರ ಪ್ರಾಣ ತೆಗೆಯಿತು. ಅದು ಮೆಟ್ಟಿಲಲ್ಲ, ಏಣಿ. ಸೀರೆಯುಟ್ಟು ಹತ್ತುವುದೇ ಕಷ್ಟ, ಇಳಿಯುವುದಂತೂ ಕೂತು ಕೂತೇ. ಇನ್ನು ಅವರ ಸಂಡಾಸಿನ ಗೋಡೆಯಲ್ಲಿ ಒಂದು ಕ್ಯಾಲೆಂಡರು. ನೆಂಟರಿಷ್ಟರ ಹುಟ್ಟುಹಬ್ಬವೆಲ್ಲ ಅದರಲ್ಲಿ ಬರೆದಿದೆ. ದಿನಾ ತಪ್ಪದೆ ಕಣ್ಣಿಗೆ ಬೀಳುವ ಜಾಗ ಅದೊಂದೇ ಎಂದು ಯೊಹಾನಾ ಗಂಭೀರವಾಗಿ ವಿವರಿಸಿದರು. ನಮ್ಮ ಹುಟ್ಟುಹಬ್ಬವನ್ನೂ ಕೇಳಿ ಬರೆದುಕೊಂಡರು. ಮುನಿಲಕ್ಷ್ಮಿಗೆ ಹುಟ್ಟಿದ ದಿನ ಗೊತ್ತಿಲ್ಲ. ಕೆರೆ ಕೋಡಿ ಬಿದ್ದ ವರ್ಷ ಎಂದಷ್ಟೇ ಗೊತ್ತು. ಯೊಹಾನಾ ಸ್ವಲ್ಪ ಯೋಚಿಸಿ, ನಾವು ಬಂದಿಳಿದ ದಿನದ ಎದುರು ಅವಳ ಹೆಸರು ಬರೆದರು.

ಕಡಲಂಚಿನ ತೊಟ್ಟಿ

ರಾಟರ್‌ಡ್ಯಾಮಿನ ಬಂದರು ಎಂದರೆ ಊರಿಗಿಂತ ದೊಡ್ಡದು. ನದಿ ಸಮುದ್ರಕ್ಕೆ ಸೇರುವಲ್ಲಿ ಹಡಗಿನ ದಾರಿ. ಒಂದು ಕಡೆಯಿಂದ ನದಿ ಮಣ್ಣು ತಂದು ಹಾಕುತ್ತದೆ, ಇನ್ನೊಂದು ಕಡೆಯಿಂದ ಕಡಲು. ತೆಗೆಯುವುದನ್ನು ನಿಲ್ಲಿಸಿದರೆ ದೊಡ್ಡ ಹಡಗುಗಳೆಲ್ಲ ತಳ ತಾಗಿ ನಿಂತುಬಿಡುತ್ತವಂತೆ. ಹಾಗಾಗಿ ಹಗಲೂ ರಾತ್ರಿ ಹೂಳೆತ್ತುವ ಹಡಗುಗಳು ಓಡಾಡುತ್ತಲೇ ಇರುತ್ತವೆ. ಉದ್ದನೆಯ ಕೊಳವೆಯನ್ನು ನೀರಿಗೆ ಇಳಿಬಿಟ್ಟು, ಆನೆ ಸೊಂಡಿಲಿನಿಂದ ಹೀರಿದ ಹಾಗೆ ಹೀರಿ, ಹೊಟ್ಟೆ ತುಂಬಿಸಿಕೊಂಡು ಹೊರಡುತ್ತವೆ.

ನಮಗೆ ಅದನ್ನೆಲ್ಲ ತೋರಿಸಿದವನು ಬಂದರಿನ ಕಚೇರಿಯ ಪೀಟರ್ ಎಂಬ ಸಾಧು ಮನುಷ್ಯ. ಹೂಳೆಲ್ಲ ಒಂದೇ ಅಲ್ಲ ಎಂದ. ಕಡಲ ಕಡೆಯದು ಶುಭ್ರ. ಅದನ್ನು ಮತ್ತೆ ಕಡಲಿಗೇ ಬಿಡುತ್ತಾರೆ. ನದಿಯ ಕಡೆಯದು ಮೇಲಿನ ದೇಶಗಳ ಕಾರ್ಖಾನೆಗಳ ನೀರು ಕುಡಿದು ಬಂದದ್ದು. ಅದನ್ನು ಎಲ್ಲೂ ಬಿಡುವಂತಿಲ್ಲ. ಅದಕ್ಕೆಂದೇ ಕಡಲಂಚಿನಲ್ಲಿ ಒಂದು ತೊಟ್ಟಿ ಕಟ್ಟಿದ್ದಾರೆ. ತೊಟ್ಟಿ ಎನ್ನುತ್ತೇನೆ, ಆದರೆ ಸುತ್ತ ಏರಿ ಹಾಕಿದ ಕೆರೆಯಷ್ಟು ದೊಡ್ಡದು. ಏರಿಯ ಮೇಲೆ ನಿಂತರೆ ಗಾಳಿ ಸೆರಗನ್ನು ಕಿತ್ತುಕೊಳ್ಳುತ್ತದೆ. ಕೆಳಗೆ ಕೊಳವೆಯ ಬಾಯಿಂದ ಕಪ್ಪು ಕೆಸರು ಬುಳುಬುಳು ಬೀಳುತ್ತಿತ್ತು.

ಮುನಿಲಕ್ಷ್ಮಿ ಎದೆಯ ಮೇಲೆ ಕೈಯಿಟ್ಟುಕೊಂಡಳು.

“ಅಕ್ಕಾ, ಇದನ್ನ ಏನ್ ಮಾಡ್ತಾರೆ ಕೇಳು.”

ಕೇಳಿದೆ. ಏನೂ ಮಾಡುವುದಿಲ್ಲ, ಇಟ್ಟುಕೊಂಡಿರುತ್ತೇವೆ ಎಂದ ಪೀಟರ್.

“ಇಟ್ಕಂಡು?”

“ಇಟ್ಕೊಂಡಿರೋದೇ ಅಂತೆ.”

“ಥೂ, ಬೆಣ್ಣೆ ಇದ್ದಂಗೈತಲ್ಲಕ್ಕಾ! ಇಂಥಾ ಗೋಡ್ನ ಪಂಜರ್ದಾಗೆ ಕೂಡಾಕವ್ರಾ ಇವ್ರು? ಬುದ್ಧಿ ಇಲ್ವಾ?”

ಇದನ್ನೂ ನಾನು ಟ್ರಾನ್ಸ್‌ಲೇಟ್ ಮಾಡಲಿಲ್ಲ. ಪೀಟರ್ ಆಫೀಸಿನೊಳಗೆ ಕರೆದುಕೊಂಡು ಹೋಗಿ ಗಾಜಿನ ಭರಣಿಗಳಲ್ಲಿ ಬೇರೆ ಬೇರೆ ಹೂಳು ತೋರಿಸಿದ. ಒಳ್ಳೆಯದು ಯಾವುದು ಹೇಳಿ ನೋಡೋಣ ಎಂದ. ಮುನಿಲಕ್ಷ್ಮಿ ಒಂದು ಕ್ಷಣವೂ ತಡಮಾಡದೆ ಕಡುಕಪ್ಪಿನದಕ್ಕೆ ಬೆರಳಿಟ್ಟಳು. ನಾನೂ ಮನಸ್ಸಿನಲ್ಲಿ ಅದನ್ನೇ ಆರಿಸಿದ್ದೆ. ಅದೇ ಎಲ್ಲಕ್ಕಿಂತ ಕೆಟ್ಟದ್ದು ಎಂದ ಪೀಟರ್. ಅವಳು ನನ್ನ ಕಡೆ ತಿರುಗಿ, “ಇವ್ನು ಒಲ ಕಂಡವ್ನಲ್ಲ ಬುಡಕ್ಕ” ಎಂದಳು.

ಕಿಟಕಿಯ ಮೇಲೆ

ವರ್ತೂರಿನಲ್ಲಿ ಗೋಡು ಹೇಗಿದೆ ಎಂದು ನೋಡುವುದಕ್ಕೆ ಒಂದು ಕ್ರಮವಿದೆ. ಹೊಲಕ್ಕೆ ಹಾಕುವ ಮುಂಚೆ ಮನೆಯ ಹಿರಿಯ ಹೆಂಗಸು ಒಂದು ಬೋಗುಣಿಯಲ್ಲಿ ಅದನ್ನು ತಂದು, ನೆನೆಸಿದ ಮೆಂತ್ಯ ಚೆಲ್ಲಿ, ಹಿತ್ತಲ ಬಾಗಿಲಿನ ಬಳಿ ಇಡುತ್ತಾಳೆ. ಮೊಳಕೆ ಮಂಕಾದರೆ ಗೋಡು ಚೌಳು. ದಟ್ಟವಾಗಿ ಎದ್ದರೆ ಮಾರನೆಯ ದಿನ ಗಾಡಿ ಕಟ್ಟಬಹುದು. ನನ್ನ ಅತ್ತೆ ಹೀಗೆ ಮಾಡುತ್ತಿದ್ದರು. ಅವರ ನಂತರ ಮುನಿಲಕ್ಷ್ಮಿ.

ತೊಟ್ಟಿಯಿಂದ ಬಂದ ಮರುದಿನ ಬೆಳಗ್ಗೆ ನಮ್ಮ ಕೋಣೆಯ ಕಿಟಕಿಯ ಹಲಗೆಯ ಮೇಲೆ, ಬೆಚ್ಚನೆಯ ರೇಡಿಯೇಟರಿನ ಮೇಲ್ಗಡೆ, ಅವಳ ಸ್ಟೀಲಿನ ಟಿಫಿನ್ ಡಬ್ಬಿ ಕಂಡಿತು. ಒಳಗೆ ಕಪ್ಪು ಕೆಸರು, ಅದರ ಮೇಲೆ ಮೆಂತ್ಯ.

“ಏನೇ ಇದು? ಯಾವಾಗ ತಗೊಂಡೆ?”

“ಆ ಯಪ್ಪ ನಿಂಗೆ ಹಡಗು ತೋರಿಸ್ತಿದ್ದಾಗ. ಒಂದು ಬೊಗಸೆ. ಅಷ್ಟು ದೊಡ್ಡ ಕೆರೇನಾಗೆ ಒಂದು ಬೊಗಸೆ ಎತ್ಕಂಡ್ರೆ ತೂತು ಬೀಳ್ತೈತಾ?”

“ಕಳ್ಳಿ ಕಣೇ ನೀನು.”

“ಔದು. ನೋಡ್ತಿರು.”

ಐ ವಾಸ್ ಮಾರ್ಟಿಫೈಡ್, ನಾಚಿಕೆಗೆ ಸತ್ತೇ ಹೋದೆ. ಆದರೂ ದಿನಾ ಬೆಳಗ್ಗೆ ಎದ್ದ ಕೂಡಲೇ ನಾನೂ ಹೋಗಿ ಇಣುಕುತ್ತಿದ್ದೆ. ಕಾಳು ಬಿರಿಯಿತು. ಬಿಳಿ ಬಾಲ ಬಂತು. ಆಮೇಲೆ ಹಸಿರು ಕಿವಿಗಳು, ಒಂದಕ್ಕೊಂದು ಒತ್ತಿಕೊಂಡು, ಡಬ್ಬಿಯ ಅಂಚು ಮೀರಿ ಎದ್ದವು. ಇಂಥ ದಟ್ಟ ಮೆಂತ್ಯವನ್ನು ನಾನು ಅತ್ತೆಯ ಬೋಗುಣಿಯಲ್ಲೂ ನೋಡಿರಲಿಲ್ಲ.

ಮುನಿಲಕ್ಷ್ಮಿ ಅದರ ಮೇಲೆ ಅಂಗೈ ಆಡಿಸಿದಳು, ಮಗುವಿನ ತಲೆ ಸವರಿದ ಹಾಗೆ.

“ನಮ್ಮ ಗೋಡು ಇದಕ್ಕಿಂತ ಮೇಲೇ ಅಲ್ವಾ ಅಕ್ಕಾ? ಇನ್ನೇನು ಅನುಮಾನ? ಊರಿಗೋಗಿ ಏಳ್ತೀನಿ, ಗಾಡಿ ಕಟ್ರವ್ವ ಅಂತ.”

ಅಂದು ಸಂಜೆ ಆ ಸೊಪ್ಪನ್ನು ಚಿವುಟಿ, ತಂದಿದ್ದ ರಾಗಿ ಹಿಟ್ಟಿಗೆ ಕಲೆಸಿ, ಯೊಹಾನಾಗೆ ರೊಟ್ಟಿ ತಟ್ಟಿಕೊಡುವುದೆಂದು ಅವಳ ಆಸೆ. ಅಷ್ಟು ದಿನ ಅವರ ಮನೆಯಲ್ಲಿ ತಿಂದ ಋಣವಿತ್ತಲ್ಲ. ಡಬ್ಬಿಯನ್ನು ಎದೆಗವಚಿಕೊಂಡು ಕೂತು ಕೂತೇ ಮೆಟ್ಟಿಲಿಳಿದು ಅಡುಗೆಮನೆಗೆ ಹೋದಳು. ನಾನು ಹಿಂದೆಯೇ ಇಳಿದೆ.

ಯೊಹಾನಾ ಹಸಿರು ನೋಡಿ ಮೊದಲು ಕೈತಟ್ಟಿ ನಕ್ಕರು. ಮಣ್ಣು ಎಲ್ಲಿಯದು ಎಂದರು. ನಾನು ಹೇಳಿದೆ, ನಾಚಿಕೆಯಿಂದಲೇ. ಅವರ ನಗು ನಿಂತಿತು. ಮುನಿಲಕ್ಷ್ಮಿಯ ಕೈಯಿಂದ ಡಬ್ಬಿಯನ್ನು ಮೆಲ್ಲಗೆ ಬಿಡಿಸಿಕೊಂಡು, ಮುಚ್ಚಳ ಹಾಕಿ, ಮೇಜಿನ ಮಧ್ಯೆ ಇಟ್ಟರು. ನಮ್ಮಿಬ್ಬರನ್ನೂ ನಲ್ಲಿಯ ಹತ್ತಿರ ಕರೆದೊಯ್ದು ಸೋಪು ಹಾಕಿ ಕೈ ತೊಳೆಸಿದರು. ಮುನಿಲಕ್ಷ್ಮಿಯ ಉಗುರುಗಳನ್ನಂತೂ ಬ್ರಶ್ಶು ಹಿಡಿದು ತಾವೇ ಉಜ್ಜಿದರು.

“ಯಾಕಕ್ಕಾ? ಜಾನಮ್ಮಂಗೆ ಕ್ವಾಪ ಬಂತಾ?”

ಯೊಹಾನಾ ಕೋಟು ಹಾಕಿಕೊಳ್ಳುತ್ತಿದ್ದರು. ಬನ್ನಿ, ನನ್ನ ಹೊಲ ತೋರಿಸುತ್ತೇನೆ ಎಂದರು. ಅವರಿಗೆ ಈಗಲೂ ಹೊಲವಿದೆ ಎನ್ನುವುದೇ ನಮಗೆ ಅದುವರೆಗೆ ಗೊತ್ತಿರಲಿಲ್ಲ.

ಎಲೆಕೋಸಿನ ಹೊಲ

ಮನೆಯ ಹಿಂದಿನ ಕಾಲುವೆ ದಾಟಿದರೆ ಒಂದು ದೊಡ್ಡ ಬಯಲು. ಹುಲ್ಲು, ಸಾಲಾಗಿ ನೆಟ್ಟ ಎತ್ತರದ ಮರಗಳು. ಸುತ್ತಲಿನ ಹೊಲಗಳಿಗಿಂತ ಅದು ಎರಡಾಳು ಎತ್ತರದಲ್ಲಿತ್ತು. ಅಂಚಿನಲ್ಲಿ ತಂತಿಬೇಲಿ. ದನವಿಲ್ಲ, ಕುರಿಯಿಲ್ಲ.

ಬೇಲಿ ಹಿಡಿದು ನಿಂತು ಯೊಹಾನಾ ಹೇಳಿದರು. ಅವರ ಮದುವೆಯ ಕಾಲಕ್ಕೆ ಆ ಜಾಗ ತಗ್ಗಾಗಿತ್ತು, ನೀರು ನಿಲ್ಲುತ್ತಿತ್ತು. ಬಂದರಿನವರು ಬಂದು, ನಮ್ಮ ಹೂಳನ್ನು ನಿಮ್ಮ ಹೊಲಕ್ಕೆ ಬಿಡುತ್ತೇವೆ, ಹೊಲ ಎತ್ತರವಾಗುತ್ತದೆ, ಗೊಬ್ಬರವೂ ಆಗುತ್ತದೆ ಎಂದರು. ಊರಿಗೆ ಊರೇ ಸಂತೋಷಪಟ್ಟಿತು. ಕೊಳವೆ ಬಂದ ದಿನ ಅವರ ಗಂಡ ಹೊಸ ಟೋಪಿ ಹಾಕಿಕೊಂಡು ನಿಂತಿದ್ದರಂತೆ.

ನಾನು ಒಂದೊಂದು ವಾಕ್ಯವನ್ನೂ ಕನ್ನಡಕ್ಕೆ ತಿರುಗಿಸುತ್ತಿದ್ದೆ. ಮುನಿಲಕ್ಷ್ಮಿ ತಲೆಯಾಡಿಸುತ್ತಿದ್ದಳು, ಅವಳ ಊರಿನ ಕಥೆಯೇ ತಾನೆ?

“ಬೆಳೆ ಎಂಗ್ ಬಂತು ಕೇಳು.”

ಯೊಹಾನಾ ಎರಡು ಕೈಯನ್ನೂ ಅಗಲಿಸಿದರು. ಎಲೆಕೋಸು ಇಷ್ಟಿಷ್ಟು ದಪ್ಪ. ಅವರ ಮೊದಲ ಮಗುವನ್ನು ಒಂದು ಕೋಸಿನ ಪಕ್ಕ ಕೂರಿಸಿ ಫೋಟೊ ತೆಗೆದಿದ್ದರು, ಕೋಸೇ ದೊಡ್ಡದಾಗಿ ಕಾಣುತ್ತಿತ್ತು. ವರ್ಷಗಟ್ಟಲೆ ತಿಂದರು, ಮಾರಿದರು, ನೆಂಟರಿಗೆ ಹೊರಿಸಿ ಕಳಿಸಿದರು. ಆಮೇಲೊಂದು ದಿನ ಪರೀಕ್ಷೆಯವರು ಬಂದರು, ಮಣ್ಣಿಗೆ ಕೋಲು ಚುಚ್ಚಿ ತೆಗೆದುಕೊಂಡು ಹೋದರು. ಮತ್ತೆ ಬಂದಾಗ, ಇದರಲ್ಲಿ ಲೋಹದ ವಿಷವಿದೆ, ಇಲ್ಲಿ ಬೆಳೆದದ್ದನ್ನು ತಿನ್ನಬೇಡಿ, ಇಲ್ಲಿ ಮೇದ ದನದ ಹಾಲು ಚೆಲ್ಲಿ ಎಂದರು. ಕೊಯ್ಲಿಗೆ ಬಂದಿದ್ದ ಬೆಳೆಯನ್ನು ಅಲ್ಲೇ ಹೂತರು.

“ಯಾರ್ಗಾದ್ರೂ ಕಾಯ್ಲೆ ಬಂತಾ?” ಎಂದಳು ಮುನಿಲಕ್ಷ್ಮಿ. ದನಿ ತಗ್ಗಿತ್ತು.

ಯೊಹಾನಾ, ತಮ್ಮ ಗಂಡ ಸತ್ತದ್ದು ಕಿಡ್ನಿ ಕೆಟ್ಟು ಎಂದರು. ಅದಕ್ಕೂ ಇದಕ್ಕೂ ಸಂಬಂಧವಿದೆ ಎಂದು ಯಾರೂ ಹೇಳಿಲ್ಲ. ಇಲ್ಲ ಎಂದೂ ಹೇಳಿಲ್ಲ. “ಐ ಡು ನಾಟ್ ನೋ,” ಎಂದರು, “ಆ್ಯಂಡ್ ಐ ಕುಕ್ಡ್ ಎವೆರಿ ಕ್ಯಾಬೇಜ್ ಮೈಸೆಲ್ಫ್.”

ಅದನ್ನೂ ಕನ್ನಡಕ್ಕೆ ತಿರುಗಿಸಿದೆ. ಗೊತ್ತಿಲ್ಲವಂತೆ, ಒಂದೊಂದು ಕೋಸನ್ನೂ ತಾವೇ ಬೇಯಿಸಿ ಬಡಿಸಿದರಂತೆ ಎಂದೆ.

ಮುನಿಲಕ್ಷ್ಮಿ ಬೇಲಿಯ ಮೇಲಿದ್ದ ಆ ಮುದುಕಿಯ ಕೈಯನ್ನು ಹಿಡಿದುಕೊಂಡಳು. ಆಗತಾನೆ ಸೋಪಿನಲ್ಲಿ ತೊಳೆದ ಕೈಗಳು, ಎರಡೂ ತಣ್ಣಗಾಗಿದ್ದವು. ಒಂದೇ ಒಂದು ಮಾತು ಕೇಳಿದಳು.

“ಬೆಳೆ ನೋಡಿದ್ರೆ ಗೊತ್ತಾಗ್ತಿರ್ಲಿಲ್ವಾ ಜಾನಮ್ಮ?”

ಯೊಹಾನಾ ನನ್ನ ಅನುವಾದಕ್ಕೆ ಕಾಯಲಿಲ್ಲ. ಹೇಗೋ ಅರ್ಥವಾಗಿತ್ತು. ಇಲ್ಲ ಎಂದು ತಲೆಯಲ್ಲಾಡಿಸಿದರು.

ಮತ್ತೆ ತೊಟ್ಟಿಗೆ

ಡಬ್ಬಿಯನ್ನು ಏನು ಮಾಡುವುದು ಎನ್ನುವುದು ದೊಡ್ಡ ಸಮಸ್ಯೆಯಾಯಿತು. ಕಸದ ಬುಟ್ಟಿಗೆ ಹಾಕುವಂತಿಲ್ಲ, ತೋಟಕ್ಕೆ ಎಸೆಯುವಂತಿಲ್ಲ, ಚರಂಡಿಗೆ ಬಿಡುವಂತಿಲ್ಲ. ಒಂದು ಬೊಗಸೆ ಮಣ್ಣು, ಅದಕ್ಕೆ ಆ ಇಡೀ ದೇಶದಲ್ಲಿ ಒಂದೇ ಜಾಗ. ಯೊಹಾನಾ ತಮ್ಮ ಹಳೆಯ ಕಾರಿನಲ್ಲಿ ಮತ್ತೆ ಕಡಲಂಚಿಗೆ ಕರೆದುಕೊಂಡು ಹೋದರು. ಮುನಿಲಕ್ಷ್ಮಿ ದಾರಿಯುದ್ದಕ್ಕೂ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ಪೀಟರ್ ಬಯ್ಯುತ್ತಾನೆಂದು ನಾನು ಹೆದರಿದ್ದೆ. ಅವನು ಮುಚ್ಚಳ ತೆಗೆದು ಮೆಂತ್ಯ ನೋಡಿ, “ಬ್ಯೂಟಿಫುಲ್” ಎಂದ. ಆಮೇಲೆ ಡಬ್ಬಿ ಸಮೇತ ಒಳಗೆ ಹೋಗುವವನಿದ್ದ.

“ಏಯ್ ಏಯ್! ಡಬ್ಬಿ ವಾಪಸ್ ಕೊಡಾಕೇಳಕ್ಕಾ. ನಮ್ಮ ಯಜಮಾನ್ರ ಹೆಸ್ರು ಹೊಡ್ಸೈತೆ ಅದರ ಮ್ಯಾಲೆ.”

ಪೀಟರ್ ಡಬ್ಬಿಯನ್ನು ಎತ್ತಿ ಕೆಳಗಿನಿಂದ ನೋಡಿದ. ತಳದಲ್ಲಿ ಚುಕ್ಕಿ ಚುಕ್ಕಿಯಾಗಿ ನನ್ನ ಮೈದುನನ ಹೆಸರು. ಯಾರಿದು ಎಂದ. ಹೇಳಿದೆ. ಅವನು ರಬ್ಬರು ಗ್ಲೌಸು ಹಾಕಿಕೊಂಡು, ಮೊಳಕೆ ಸಮೇತ ಕೆಸರನ್ನು ತೊಟ್ಟಿಗೆ ಸುರಿದು, ಡಬ್ಬಿಯನ್ನು ಬಕೆಟಿನಲ್ಲಿ ಮತ್ತೆ ಮತ್ತೆ ತೊಳೆದ. ಆ ಬಕೆಟಿನ ನೀರನ್ನೂ ಒಯ್ದು ತೊಟ್ಟಿಗೇ ಹಾಕಿದ. ಪಕ್ಕದಲ್ಲೇ ಹುಲ್ಲಿತ್ತು, ಮೋರಿಯಿತ್ತು. ಬಕೆಟು ಹಿಡಿದು ಏರಿ ಹತ್ತಿ ಹೋಗಿ ಸುರಿದು ಬಂದ.

ಮುನಿಲಕ್ಷ್ಮಿ ಅದನ್ನು ರೆಪ್ಪೆ ಬಡಿಯದೆ ನೋಡಿದಳು.

“ಡಬ್ಬಿ ತೊಳ್ದ ನೀರ್ಗೇ ಇಷ್ಟು ಹೆದರ್ತಾರಾ,” ಎಂದಳು. ಆಮೇಲೆ, ನನಗಲ್ಲ, ಗಾಳಿಗೆ ಹೇಳಿದ ಹಾಗೆ, “ಊರಿಗೋಗಿ ನಾನು ಏನಂತ ಏಳ್ಲಿ?” ಎಂದಳು.

ಅವಳ ಭುಜ ತಟ್ಟಿದೆ. ಗೋಡಿಲ್ಲದೆ ಆ ಹೊಲಗಳು ಬಳಲಿರುವುದನ್ನು ನಾನೂ ಕಂಡಿದ್ದೆ. ಬೇಡ ಎಂದರೆ ಊರು ಅವಳನ್ನು ಬಿಡುವುದಿಲ್ಲ. ಹಾಕಿ ಎಂದರೆ ಯೊಹಾನಾರ ಹೊಲದ ಆ ಬೇಲಿ ಅವಳನ್ನು ಬಿಡುವುದಿಲ್ಲ.

ವರ್ತೂರು

ಊರಿಗೆ ಬಂದ ಮೇಲೆ ಸಂಘ ಸೇರಿತು. ಮುನಿಲಕ್ಷ್ಮಿ ಚಾಕಲೇಟು ಹಂಚಿ, ನಡೆದದ್ದೆಲ್ಲ ಹೇಳಿ, ಕೊನೆಗೆ ಈ ಸಲ ಬೇಡ ಎಂದಳು. ಮಣ್ಣು ಪರೀಕ್ಷೆಗೆ ಕಳಿಸೋಣ, ಏನು ಬರುತ್ತದೋ ನೋಡೋಣ. ಎಲ್ಲರೂ ಒಟ್ಟಿಗೆ ಮಾತಾಡಿದರು.

“ನೋಡ್ರವ್ವ, ಇಮಾನ ಅತ್ತಿ ಓಗಿ ಬ್ಯಾಡ ಅನ್ನೋ ಮಾತು ತಂದವ್ಳೆ!”

“ಅವ್ರ ಮಣ್ಣು ಬ್ಯಾರೆ, ನಮ್ಮ ಮಣ್ಣು ಬ್ಯಾರೆ ಕಣಕ್ಕ.”

“ಮೆಂತ್ಯ ಆಕಿ ನೋಡಾನ ಬಾ. ಬರ್ನಿಲ್ಲ ಅಂದ್ರೆ ಬುಟ್ಬುಡಾನ.”

“ಬತ್ತೈತೆ,” ಎಂದಳು ಮುನಿಲಕ್ಷ್ಮಿ. “ಸಕ್ಕತ್ತಾಗಿ ಬತ್ತೈತೆ. ನಂಗೆ ಅದೇ ಭಯ.”

ಸಭೆ ಯಾವ ತೀರ್ಮಾನಕ್ಕೂ ಬಾರದೆ ಮುರಿಯಿತು. ಅವಳ ಮಾತಿಗೆ ಕಟ್ಟುಬೀಳುವುದೆಂದು ಆಡಿದ್ದ ಮಾತು ಯಾರಿಗೂ ನೆನಪಿದ್ದ ಹಾಗೆ ಕಾಣಲಿಲ್ಲ. ವಾರದೊಳಗೆ ಕೆರೆಯ ಮೂಲೆ ಒಣಗಿತು, ಗೋಡು ಎದ್ದಿತು. ಒಂದು ಬೆಳಗ್ಗೆ ನಾನು ಅವಳ ಮನೆಗೆ ಹೋಗಿದ್ದಾಗಲೇ ಏರಿಯ ಮೇಲೆ ಟ್ರ್ಯಾಕ್ಟರುಗಳ ಸದ್ದು ಕೇಳಿಸಿತು. ಇಬ್ಬರೂ ಹೊಲದ ಬದುವಿಗೆ ಹೋದೆವು. ಮೊದಲ ಲೋಡು ಅಧ್ಯಕ್ಷೆಯ ಹೊಲಕ್ಕೆ ಬೀಳಬೇಕು, ಉಳಿದವರದು ಆಮೇಲೆ, ಅದು ಮರ್ಯಾದೆ. ಊರಿನ ನಂಜಪ್ಪನ ಟ್ರ್ಯಾಕ್ಟರು ಮುಂದೆ ನಿಂತಿತ್ತು. ಟ್ರೇಲರಿನ ಸಂದಿನಿಂದ ಕಪ್ಪು ನೀರು ತೊಟ್ಟಿಕ್ಕುತ್ತಿತ್ತು. ಹಿಂದೆ ಏರಿಯ ಮೇಲೆ ಇನ್ನೂ ಆರೇಳು.

“ಅಕ್ಕೋ, ಎಲ್ಲಿ ಸುರೀಲಿ?” ಎಂದ ನಂಜಪ್ಪ, ಎಂಜಿನ್ ನಿಲ್ಲಿಸದೆ.

“ಸುರೀಬ್ಯಾಡ. ವಾಪಸ್ ತಗಂಡೋಗು.”

“ತಗಂಡೋಗಿ ಎಲ್ಲಿಗಾಕ್ಲಿ? ಅದನ್ನ ಏಳಿ ಮತ್ತೆ.”

ಅಲ್ಲಿಯವರು ಅದಕ್ಕಾಗಿಯೇ ಕಡಲಂಚಿನಲ್ಲಿ ಅಷ್ಟು ದೊಡ್ಡ ತೊಟ್ಟಿ ಕಟ್ಟಿಕೊಂಡಿದ್ದರು. ನಮ್ಮ ಬಳಿ ಏನಿತ್ತು? ಮುನಿಲಕ್ಷ್ಮಿ ಕೆರೆಯ ಕಡೆ ನೋಡಿದಳು.

“ತೆಗ್ದಿದ್ದ ಗುಂಡೀಗೇ ಆಕು. ಪರೀಕ್ಷೆ ಆಗೋಗಂಟ ಅಲ್ಲೇ ಬಿದ್ದಿರ್ಲಿ.”

“ಕೆರೆಯಿಂದ ತೆಗ್ದು ಕೆರೇಗೇ ಆಕಾದಾ? ಜನ ನಗ್ತಾರೆ ಕಣಕ್ಕೋ.”

“ನಗ್ಲಿ ಬುಡು. ತಿರುಗ್ಸು.”

ನಂಜಪ್ಪ ಗೊಣಗುತ್ತಾ ಗೇರು ಹಾಕಿದ. ದಾರಿಯಲ್ಲಿ ಇನ್ನೊಬ್ಬರ ಹೊಲಕ್ಕೆ ಸುರಿದು ಕೈತೊಳೆದುಕೊಳ್ಳುತ್ತಾನೆಂದು ಅವಳಿಗೆ ಗೊತ್ತಿತ್ತು. ಸೀರೆ ಎತ್ತಿ ಸಿಕ್ಕಿಸಿಕೊಂಡು, ಮಂಡಿನೋವನ್ನು ಒಂದು ಸಲ ಬೈದು, ಚಕ್ರದ ಮೇಲಿನ ತಗಡಿಗೆ ಹತ್ತಿ ಅವನ ಪಕ್ಕ ಕೂತಳು.

ನಮ್ಮ ಕೆರೆಯ ಏರಿ ಅಗಲವಿಲ್ಲ. ಎರಡು ಟ್ರ್ಯಾಕ್ಟರು ಎದುರುಬದುರು ಬಂದರೆ ಒಂದು ಹಿಂದಕ್ಕೆ ಹೋಗಲೇಬೇಕು. ನಂಜಪ್ಪ ನನ್ನ ಮುಂದೆಯೇ ಹೊಲದಂಚಿನಲ್ಲಿ ತಿರುಗಿಸಿಕೊಂಡು ಏರಿ ಹತ್ತಿದ. ಎದುರಿಗೆ ಸಾಲಾಗಿ ನಿಂತಿದ್ದವರು ಹಾರ್ನು ಹೊಡೆದರು, ಕೂಗಿದರು, ಅವಳ ವಂಶವನ್ನೆಲ್ಲ ಎತ್ತಿ ಆಡಿದರು. ಅವಳು ಮುಂದಕ್ಕೆ ಕೈಬೀಸಿ, ನಡೀರಿ, ನಡೀರಿ ಎನ್ನುತ್ತಿದ್ದಳು. ಕೊನೆಗೆ ಎಲ್ಲಕ್ಕೂ ಹಿಂದಿದ್ದ ಟ್ರ್ಯಾಕ್ಟರು ಮೆಲ್ಲಗೆ ರಿವರ್ಸು ತೆಗೆಯಿತು. ಆಮೇಲೆ ಅದರ ಮುಂದಿನದು. ಒಂದೊಂದಾಗಿ, ಬೈದುಕೊಳ್ಳುತ್ತಾ, ಕಪ್ಪು ನೀರು ಸುರಿಸಿಕೊಳ್ಳುತ್ತಾ, ತುಂಬಿದ ಹೊರೆಯ ಸಮೇತ ಎಲ್ಲವೂ ಕೆರೆಯ ಕಡೆಗೆ ಹಿಂದೆ ಸರಿಯತೊಡಗಿದವು.